ತುರ್ತು: ‘ಜೀವನದ ಗುಣಮಟ್ಟ’ಕ್ಕೆ ಜನ ಆಡುವ ಮಾತು ಯಾವುದು?

ಎಲ್ಲರಿಗೂ ನಮಸ್ಕಾರ. ಕೋಲಾರ ಜಿಲ್ಲೆಯ ಮುಳಬಾಗಿಲು ಕಡೆಯ ಹಳ್ಳಿಗಳಲ್ಲಿ ವಯಸ್ಕರ ಸಮೀಕ್ಷೆಗೆ ಪ್ರಶ್ನೆಪತ್ರಿಕೆ ಮಾಡುತ್ತಿದ್ದೇನೆ. ನಾಳೆ ಸಂಜೆ ಅಚ್ಚಿಗೆ ಕೊಡಬೇಕು. ವಿಶ್ವ ಆರೋಗ್ಯ ಸಂಸ್ಥೆಯ 26 ಪ್ರಶ್ನೆಗಳ ನಮೂನೆ ನಮಗೆ ಮಾದರಿ. ಅದರಲ್ಲಿ ನಾಲ್ಕು ಭಾಗ: ದೇಹ, ಮನಸ್ಸು, ಒಡನಾಟ, ಪರಿಸರ.

ತೊಡಕು ಎರಡು. ‘ಜೀವನದ ಗುಣಮಟ್ಟ’ ಅಂದರೆ ಜನ ಮನೆ, ಟಿವಿ, ಬೈಕಿನ ಲೆಕ್ಕ ಹೇಳುತ್ತಾರೆ. ನಮಗೆ ಬೇಕಿರುವುದು ಕಳೆದ ಎರಡು ವಾರ ಅವರಿಗೆ ಹೇಗನ್ನಿಸಿತು ಅನ್ನುವುದು. ಇನ್ನು ‘ಪರಿಸರ’ ಅಂದರೆ ಗಿಡಮರ ಅಂದುಕೊಳ್ಳುತ್ತಾರೆ. ಆ ಭಾಗದಲ್ಲಿ ಇರುವುದು ದುಡ್ಡು, ಮನೆ, ಬಸ್ಸು, ಆಸ್ಪತ್ರೆ, ಬಿಡುವು.

ಉತ್ತರ 1
ಎಲ್ಲ ಪತ್ರಿಕೆಗಳೂ ‘ಜೀವನದ ಗುಣಮಟ್ಟ’ ಅಂತಲೇ ಬರೆಯುತ್ತವೆ. ಇರುವ ಪದ ಬಿಟ್ಟು ಸುಮ್ನೆ ಯಾಕೆ ಹುಡುಕಾಟ?

ಉತ್ತರ 2
ಪತ್ರಿಕೆ ಬರೆದ ಮಾತ್ರಕ್ಕೆ ಸರಿಯಾಗುವುದಿಲ್ಲ. ‘ಗುಣ’ ಸಂಸ್ಕೃತ, ‘ಮಟ್ಟ’ ಕನ್ನಡ. ಶುದ್ಧ ಅರಿಸಮಾಸ, ಅಂದರೆ ಸಂಸ್ಕೃತ ಪದಕ್ಕೆ ಕನ್ನಡ ಪದ ಅಂಟಿಸಿದ ಜೋಡಿ. ವ್ಯಾಕರಣ ಬರೆದ ಕೇಶಿರಾಜ 13ನೇ ಶತಮಾನದಲ್ಲೇ ಇದನ್ನು ದೋಷ ಅಂದಿದ್ದಾನೆ. ‘ಬಾಳ್ಮೇಲ್ಮೆ’ ಅನ್ನಿ. ಬಾಳು, ಮೇಲ್ಮೆ (ಹಿರಿಮೆ) ಎರಡೂ ನಮ್ಮವೇ.

ಉತ್ತರ 3
‘ಬಾಳ್ಮೇಲ್ಮೆ’ ಹೇಗಿದೆ ಅಂತ ಯಾವ ಮನೆಯ ಬಾಗಿಲಲ್ಲಿ ನಿಂತು ಕೇಳುತ್ತೀರಿ ಸಾರ್? ‘ದಿನಗೂಲಿ’ಯಲ್ಲೂ ದಿನ ಸಂಸ್ಕೃತ, ಕೂಲಿ ಕನ್ನಡ. ಕೂಲಿಯವರು ಆ ಪದ ಬಿಡಬೇಕಾ? ಕೇಶಿರಾಜನೇ ಬಿರುದುಗಳಲ್ಲಿ ಅರಿಸಮಾಸ ಒಪ್ಪಿದ್ದಾನೆ, ಅದನ್ನೂ ಹೇಳಿ.

ಮೇಡಂ, ಆ ಸೀಮೆಯ ಎಷ್ಟೋ ಕೊಳವೆಬಾವಿಗಳಲ್ಲಿ ಫ್ಲೋರೈಡ್ ಇದೆ. ಲೀಟರಿಗೆ 1.5 ಮಿಲಿಗ್ರಾಂ ಮಿತಿ. ಅದಕ್ಕಿಂತ ಬಹಳ ಜಾಸ್ತಿ ಇರುವ ನೀರನ್ನು ವರ್ಷಗಟ್ಟಲೆ ಕುಡಿದರೆ ಕೀಲು, ಬೆನ್ನು ಬಿಗಿಯುತ್ತವೆ. ಮಂಡಿ ಬಿಗಿದವರು ಕುಕ್ಕರುಗಾಲಲ್ಲಿ ಕೂತು ಕಳೆ ಕೀಳಲಾರರು, ಕೂಲಿ ಹೋಯಿತು. ಬಸ್ಸಿನ ಮೆಟ್ಟಿಲು ಹತ್ತಲಾರರು, ಆಸ್ಪತ್ರೆಯೂ ನೆಂಟರ ಮದುವೆಯೂ ದೂರ. ರಾತ್ರಿ ನೋವಿಗೆ ನಿದ್ದೆ ಇಲ್ಲ. ನಿಮ್ಮ ನಾಲ್ಕೂ ಭಾಗಕ್ಕೆ ಒಂದೇ ನೀರು ಕಾರಣ. ಇಷ್ಟೂ ಹೊರಗೆ ಬರಬೇಕಾದರೆ ‘ನಿಮ್ಮ ಬದುಕು ಹೇಗೆ ನಡೀತಿದೆ?’ ಅಂತ ಕೇಳಿ. ತಲೆಬರಹವೂ ಅದೇ ಇರಲಿ.

ಉತ್ತರ 2
ವಾಕ್ಯ ಪದವಾಗುವುದಿಲ್ಲ. ಹೀಗೆ ಬಿಟ್ಟುಕೊಡುತ್ತಾ ಹೋಗಿಯೇ ಇವತ್ತು ನೀರಿಗೂ ‘ವಾಟರ್’ ಅನ್ನುವ ಹಾಗಾಗಿದೆ. ಎರವಲಿಗೆ ಎಲ್ಲಾದರೂ ಗೆರೆ ಎಳೆಯಲೇಬೇಕು.

ಉತ್ತರ 4
ಬಸ್ಸು, ಆಸ್ಪತ್ರೆ, ಫಾರಂ ಎಲ್ಲ ಎರವಲೇ. ಮುಳಬಾಗಿಲಲ್ಲಿ ಬಹಳ ಜನ ಮನೆಯಲ್ಲಿ ತೆಲುಗು ಆಡುತ್ತಾರೆ. ಅವರಿಗೆ ಅಚ್ಚಗನ್ನಡದ ಪಾಠ ಬೇಡ. ಒಂದು ಎಚ್ಚರ: ‘ಬದುಕು’ ಅಂದರೆ ಹೊಲ, ದನ, ಆಸ್ತಿ ಅನ್ನುವ ಅರ್ಥವೂ ಇದೆ. ‘ಬದುಕು ಹೇಗಿದೆ’ ಅಂದರೆ ಟೊಮೆಟೊ ರೇಟು ಹೇಳಿಯಾರು. ‘ನೀವು ಹೇಗಿದ್ದೀರಿ’ ಅನ್ನುವುದೇ ಮೇಲು.

ಕೇಳಿದವರು
ಎಲ್ಲರಿಗೂ ಥ್ಯಾಂಕ್ಸ್. ತಲೆಬರಹ ‘ನೀವು ಹೇಗಿದ್ದೀರಿ?’ ಅಂತ ಇಡುತ್ತೇನೆ. ವರದಿಯಲ್ಲಿ ‘ಜೀವನದ ಗುಣಮಟ್ಟ’ವೇ ಇರಲಿ, ಅದನ್ನು ಓದುವವರು ಬೇರೆ. ‘ಪರಿಸರ’ ತೆಗೆದು ‘ಮನೆ, ಊರು, ಅನುಕೂಲ’ ಅಂತ ಹಾಕಿದ್ದೇನೆ. ‘ಬಾಳ್ಮೇಲ್ಮೆ’ ಬೇಡ ಸಾರ್. ಉತ್ತರ ಕೊಡುವವರಿಗೆ ತಿಳಿಯದ ಪದ ಅಚ್ಚುಹಾಕಿದರೆ ಅವರ ಕಷ್ಟ ಕಾಗದಕ್ಕೆ ಬರುವುದೇ ಇಲ್ಲ.

ಇನ್ನೊಂದು ಉಳಿದಿದೆ. ‘ಬಿಡುವು ಸಿಗುತ್ತದಾ’ ಅಂದರೆ ಕೂಲಿ ಸಿಗದ ದಿನವೂ ಅದರಲ್ಲಿ ಸೇರಿಹೋಗುತ್ತದೆ. ಖುಷಿಗೆ ತೆಗೆದುಕೊಂಡ ಹೊತ್ತಿಗೆ ಬೇರೆ ಮಾತಿದ್ದರೆ ಇವತ್ತು ರಾತ್ರಿಯೊಳಗೆ ಬರೆಯಿರಿ.