ಅಪ್‌ಡೇಟ್: ಏರೋಬಾರ್ ಹಾಕಿದ ರೋಡ್ ಬೈಕು, ಸೀಟು ಮುಂದೆ ತಂದ ಮೇಲೆ

ಸೀಟ್ ಟ್ಯೂಬು (ಸೀಟಿನ ಕೆಳಗಿನ ಫ್ರೇಮ್ ಕೊಳವೆ) 73 ಡಿಗ್ರಿ ಓರೆಯಿರುವ ರೋಡ್ ಬೈಕಿನಲ್ಲಿ, ಅಂದರೆ ರಸ್ತೆ ರೇಸಿನ ಸೈಕಲ್ಲಿನಲ್ಲಿ, ಏರೋಬಾರ್ (ಮೊಣಕೈ ಊರಿ ಮುಂದೆ ಬಗ್ಗಲು ಹ್ಯಾಂಡಲ್‌ಗೆ ಹಾಕುವ ಕಂಬಿ) ಮೇಲೆ ಬಗ್ಗಿದರೆ ತೊಡೆ ಹೊಟ್ಟೆಗೆ ಒತ್ತುತ್ತದೆ, ಏನು ಮಾಡಲಿ ಅಂತ ಪುಣೆಯಿಂದ ಕೇಳಿದ್ದೆ. ನೀವು ಹೇಳಿದಂತೆ ಸೆಟ್‌ಬ್ಯಾಕ್ (ಹಿಂದಕ್ಕೆ ಬಾಗು) ಇಲ್ಲದ ಸೀಟ್‌ಪೋಸ್ಟ್ (ಸೀಟು ಕೂರುವ ಕಂಬ) ಹಾಕಿ ಸೀಟನ್ನು 3 ಸೆಂ.ಮೀ. ಮುಂದೆ ತಂದಾಯಿತು. ಕ್ರ್ಯಾಂಕಿನಿಂದ (ಪೆಡಲ್ ತಿರುಗುವ ಭಾಗ) ಸೀಟಿಗಿರುವ ಕೋನ 75 ಡಿಗ್ರಿ ದಾಟಿದೆ, ತೊಡೆ ಸಲೀಸಾಗಿ ಮೇಲೇಳುತ್ತದೆ.

ಇದನ್ನು ಮಾಡುವವರು ಒಂದು ವಿಷಯ ಮರೆಯಲೇಬಾರದು. ಸೀಟು ಮುಂದೆ ಸರಿದಷ್ಟೂ ಕ್ರ್ಯಾಂಕಿಗೆ ಹತ್ತಿರವಾಗುತ್ತದೆ, ಹಾಗಾಗಿ 3 ಸೆಂ.ಮೀ.ಗೆ ಸೀಟನ್ನು ಸುಮಾರು 8 ಮಿ.ಮೀ. ಎತ್ತರಿಸಬೇಕು, ಇಲ್ಲವಾದರೆ ಮಂಡಿಯ ಮುಂಭಾಗ ನೋಯುತ್ತದೆ. ಏರೋಬಾರಿನ ಮೊಣಕೈ ಪ್ಯಾಡುಗಳನ್ನೂ ಅಷ್ಟೇ ಮುಂದೆ ಸರಿಸಿ. ಸೀಟಿನ ಅಡಿಯ ರೇಲಿನ (ಕಂಬಿಯ) ಗುರುತು ಮೀರಿ ಕ್ಲಾಂಪ್ ಬಿಗಿಯಬೇಡಿ, ರೇಲು ಮುರಿದೀತು.

ಮುಂದಿನ ಚಕ್ರದ ಮೇಲೆ ಭಾರ ಹೆಚ್ಚಿರುವುದರಿಂದ ಪುಣೆ ಹತ್ತಿರದ ಕಾತ್ರಜ್ ಘಾಟ್ ಇಳಿಯುವಾಗ ಏರೋಬಾರ್ ಬಿಟ್ಟು ಬ್ರೇಕ್ ಮೇಲೆ ಕೈಯಿಡುವುದೇ ಕ್ಷೇಮ.