ನಾಲ್ಕು ತೊಟ್ಟು ಲವಂಗದೆಣ್ಣೆ

"ಒಂದು ಲೋಟ ನೀರಿಗೆ ನಾಲ್ಕೇ ತೊಟ್ಟು ಲವಂಗದೆಣ್ಣೆ. ಮುಕ್ಕಳಿಸಿ ಉಗಿದರೆ ಬಾಯಿಯ ಬ್ಯಾಕ್ಟೀರಿಯಾ ನಿರ್ವಂಶ!" ಅಂತ ಶೀನ ಘೋಷಿಸಿಬಿಟ್ಟ.

"ನಿರ್ವಂಶ ಆಗೋದು ನಿನ್ನ ನಾಲಿಗೆ," ಅಂದಳು ವಸುಧಾ. "ಎಣ್ಣೆ ನೀರಲ್ಲಿ ಕರಗುತ್ತೇನೋ? ಲವಂಗದೆಣ್ಣೆ ನೀರಿಗಿಂತ ಭಾರ. ಬಹುಪಾಲು ತಳಕ್ಕಿಳಿದು ಗುಂಡಗೆ ಕೂತಿರುತ್ತೆ. ಮೊದಲ ಗುಟುಕುಗಳೆಲ್ಲ ಸಪ್ಪೆ ನೀರು, ಕೊನೇ ಗುಟುಕಲ್ಲಿ ನಾಲ್ಕೂ ತೊಟ್ಟು ಒಟ್ಟಿಗೆ ಒಸಡಿನ ಮೇಲೆ ದಾಳಿ."

"ಪುದೀನದ ಎಣ್ಣೆ ಆದ್ರೆ?"

"ಅದು ಹಗುರ, ಮೇಲೆ ತೇಲುತ್ತೆ. ಮೊದಲ ಗುಟುಕಿಗೇ ಕಣ್ಣಲ್ಲಿ ನೀರು."

"ಚೆನ್ನಾಗಿ ಕಲಕ್ತೀನಿ ಬಿಡು."

"ಚಮಚ ಎತ್ತಿಟ್ಟ ಮೇಲೆ ಮತ್ತೆ ಬೇರೆ ಸಂಸಾರ," ಅಂದ ಗೋಪಿ. "ಅದಕ್ಕೇ ಲಿಸ್ಟರಿನ್ ಥರದ ಮೌತ್‌ವಾಶ್‌ನಲ್ಲಿ, ಅಂದ್ರೆ ಬಾಯಿ ಮುಕ್ಕಳಿಸೋ ದ್ರವದಲ್ಲಿ, ಆಲ್ಕೋಹಾಲ್ ಹಾಕಿದ್ದು. 1879ರ ಸರಕು ಅದು. ಅದರಲ್ಲಿರೋ ಎಣ್ಣೆಯಂಶಗಳು ನೋಡು: ಯೂಕಲಿಪ್ಟಾಲ್ 0.092%, ಥೈಮಾಲ್ 0.064%, ಮೀಥೈಲ್ ಸ್ಯಾಲಿಸಿಲೇಟ್ 0.060%, ಮೆಂಥಾಲ್ 0.042%. ನಾಲ್ಕೂ ಸೇರಿದ್ರೂ ಕಾಲು ಪರ್ಸೆಂಟಿನ ಆಸುಪಾಸು. ಆಲ್ಕೋಹಾಲ್ ಬೇಡದವರಿಗೆ ಎಣ್ಣೆಯನ್ನ ನೀರಲ್ಲಿ ಹಿಡಿದಿಡೋ ಸರ್ಫ್ಯಾಕ್ಟಂಟ್ ಹಾಕಿರ್ತಾರೆ."

"ಆದ್ರೆ ಪ್ರಯೋಗಾಲಯದ ತಟ್ಟೆಯಲ್ಲಿ ಬ್ಯಾಕ್ಟೀರಿಯಾ ಸತ್ತೇ ಸಾಯುತ್ತಲ್ಲ?"

"ಸಾಯುತ್ತೆ. ಲವಂಗದ ಯೂಜೆನಾಲ್ ಜೀವಕೋಶದ ಪೊರೆಯನ್ನೇ ಕೆಡಿಸುತ್ತೆ, ಒಳಗಿನ ಸರಕೆಲ್ಲ ಸೋರಿ ಹೋಗುತ್ತೆ. ಆದ್ರೆ ತಟ್ಟೆಯ ಬ್ಯಾಕ್ಟೀರಿಯಾ ಗಂಟೆಗಟ್ಟಲೆ ಎಣ್ಣೆ ಜೊತೆಗೇ ಕೂತಿರುತ್ತೆ, ನೀನು ಮುಕ್ಕಳಿಸೋದು ಅರ್ಧ ನಿಮಿಷ. ಮೇಲಾಗಿ ಹಲ್ಲು ಹುಳುಕು ಮಾಡೋ ಸ್ಟ್ರೆಪ್ಟೋಕಾಕಸ್ ಮ್ಯೂಟನ್ಸ್ ಅನ್ನೋ ಬ್ಯಾಕ್ಟೀರಿಯಾ, ಸಕ್ಕರೆಯಿಂದಲೇ ಅಂಟು ನೇಯ್ದು ಪ್ಲಾಕ್ ಅನ್ನೋ ಕೋಟೆ ಕಟ್ಟಿಕೊಂಡಿರುತ್ತೆ. ಮೊದಲು ಬ್ರಷ್‌ನಿಂದ ಕೋಟೆ ಒಡೀಬೇಕು."

"ಸರಿ, ಉಜ್ಜಿದ ಕೂಡಲೇ ಮುಕ್ಕಳಿಸ್ತೀನಿ."

"ಅಯ್ಯೋ, ಪೇಸ್ಟಿನ ಫ್ಲೋರೈಡೂ ತೊಳೆದು ಹೋಗುತ್ತೋ! ಅರ್ಧ ಗಂಟೆ ಬಿಟ್ಟು ಅಂಗಡಿಯ ಮೌತ್‌ವಾಶ್ 20 ಮಿಲಿ, 30 ಸೆಕೆಂಡು, ಆಮೇಲೆ ಉಗಿ."

"ಹಲ್ಲುನೋವಿಗೆ ಹತ್ತಿ ಅದ್ದಿ ಇಟ್ಕೊಳ್ಳೋದಾದ್ರೂ ಸರಿ ತಾನೆ?"

"ಇಡು, ಹಸೀ ಎಣ್ಣೆ ಬೇಡ," ಅಂದಳು ವಸುಧಾ. "5 ಮಿಲಿ ಅಡುಗೆ ಎಣ್ಣೆಗೆ ಒಂದು ತೊಟ್ಟು, ಸುಮಾರು 1% ಆಯ್ತು. ಹತ್ತಿ ಹಿಂಡಿ, ಹಲ್ಲಿಗೆ ಮಾತ್ರ ಮುಟ್ಟಿಸು. ಒಸಡಿಗೆ ತಾಗಿದ್ರೆ ಸುಟ್ಟು ಬೆಳ್ಳಗಾಗುತ್ತೆ. ನೋವು ಮರಗಟ್ಟುತ್ತೆ ಅಷ್ಟೇ, ತೂತು ಹಾಗೇ ಇರುತ್ತೆ. ದಂತವೈದ್ಯರ ಹತ್ರ ಎಣ್ಣೆ ಹಚ್ಚಿದ್ದನ್ನ ಮುಚ್ಚಿಡಬೇಡ. ಹಲ್ಲಿನ ಬಣ್ಣದ ರೆಸಿನ್ ಫಿಲ್ಲಿಂಗ್ ಸರಿಯಾಗಿ ಗಟ್ಟಿಯಾಗೋಕೆ ಯೂಜೆನಾಲ್ ಬಿಡಲ್ಲ."

"ದಾಲ್ಚಿನ್ನಿ ಎಣ್ಣೆ?"

"ಬ್ಯಾಕ್ಟೀರಿಯಾಗೆ ಯಮ. ಕೆಲವರ ಬಾಯೊಳಗಿನ ಚರ್ಮಕ್ಕೂ ಯಮ, ಅಲರ್ಜಿಯಾಗಿ ಹುಣ್ಣೇಳುತ್ತೆ."

ಶೀನ ಬಾಟಲಿ ಮುಚ್ಚಳ ತಿರುಗಿಸುತ್ತಾ, "ಹಾಗಾದ್ರೆ ಒಂದು ಚಮಚ ನುಂಗಿಬಿಟ್ರೆ ಹೊಟ್ಟೇಲಿರೋವೂ..."

"ಒಂದೆರಡು ಚಮಚ ಕುಡಿದ ಮಗುವಿನ ಲಿವರ್ ಕೆಟ್ಟು ಹೋಗುತ್ತೆ! ಟೀ ಟ್ರೀ ಎಣ್ಣೆಯಂತೂ ನುಂಗೋ ಹಾಗೇ ಇಲ್ಲ. ಗೋಪಿ, ಮೊದಲು ಆ ಬಾಟಲಿ ಕಿತ್ಕೊಳ್ಳೋ!"