ಸಹಾಯ ಬೇಕು: ಅಕ್ಕನ ಗಾರ್ಮೆಂಟ್ಸ್ ಕೆಲಸ ಹೋಯ್ತು, ಇಎಸ್‌ಐ ಭತ್ಯೆ ಸಿಗುತ್ತಾ?

ಎಲ್ಲರಿಗೂ ನಮಸ್ಕಾರ. ಅಕ್ಕ ಪೀಣ್ಯದಲ್ಲಿ ಟೈಲರ್, ಆರು ವರ್ಷದಿಂದ ಶರ್ಟಿಗೆ ಕಾಲರ್ ಕೂರಿಸೋ ಕೆಲಸ. 2025ರ ಆಗಸ್ಟ್‌ನಲ್ಲಿ ಅಮೆರಿಕ ಸುಂಕವನ್ನ 50%ಗೆ ಏರಿಸಿದ ಮೇಲೆ ಆರ್ಡರ್ ಬಿದ್ದು ಅವಳ ಲೈನೇ ನಿಂತೋಯ್ತು.

ಇಎಸ್‌ಐನ ಅಟಲ್ ಬೀಮಿತ್ ವ್ಯಕ್ತಿ ಕಲ್ಯಾಣ್ ಯೋಜನೆಯಲ್ಲಿ ಕೆಲಸ ಕಳ್ಕೊಂಡವರಿಗೆ ಸರಾಸರಿ ದಿನಗೂಲಿಯ 50%, 90 ದಿನದವರೆಗೆ ಕೊಡ್ತಾರೆ. ಅದಕ್ಕೆ ಬೇಕಾದ ಎರಡು ವರ್ಷದ ವಿಮೆ, 78 ದಿನದ ವಂತಿಗೆ ಎಲ್ಲಾ ಸರಿಯಿದೆ. ಎಡವಟ್ಟಾಗಿರೋದು ಬೇರೆ ಕಡೆ. ಲೆಕ್ಕ ಚುಕ್ತಾ ಮಾಡೋ ದಿನ ಇಂಗ್ಲಿಷ್ ಫಾರಂ ಒಂದಕ್ಕೆ ಸೈನ್ ಹಾಕಿಸ್ಕೊಂಡ್ರು, ಅದು ರಾಜೀನಾಮೆಯಂತೆ! ತಾನಾಗೇ ಬಿಟ್ಟವರಿಗೆ ಈ ಭತ್ಯೆ ಇಲ್ಲ. ಎಚ್‌ಆರ್ ನೋಡೋಕೆ ಮೂರು ಸಲ ಹೋದ್ವಿ, ಗೇಟ್ ದಾಟೋಕೂ ಬಿಡಲಿಲ್ಲ.

ದಾಖಲೆಯಲ್ಲಿ ರಾಜೀನಾಮೆ ಅಂತಿದ್ರೂ ಕ್ಲೇಮ್ ಹಾಕಬಹುದಾ, ಇಲ್ಲಾ ಮೊದಲು ಕಾರ್ಮಿಕ ಇಲಾಖೆಗೆ ದೂರು ಕೊಟ್ಟು ಅದನ್ನ ಸರಿ ಮಾಡಿಸ್ಬೇಕಾ? ಯಾರಾದ್ರೂ ಹೀಗೆ ಮಾಡ್ಸಿದ್ದೀರಾ?